ಕಥೆಯನ್ನು ಹೇಳುವವರು ಯಾರು?

ಮನೆಯಲ್ಲಿ ಒಂದು ಜಗಳ ನಡೆಯಿತೆನ್ನಿ. ಅತ್ತೆ ಹೇಳಿದರೆ ಅದು ಒಂದು ಕಥೆ. ಸೊಸೆ ಹೇಳಿದರೆ ಇನ್ನೊಂದು. ಗೋಡೆಯಾಚೆಯಿಂದ ಕೇಳಿಸಿಕೊಂಡ ನೆರೆಮನೆಯಾಕೆ ಹೇಳಿದರೆ ಮೂರನೆಯದು. ನಡೆದದ್ದು ಒಂದೇ. ಹೇಳುವ ಬಾಯಿ ಬೇರೆಯಾದೊಡನೆ ನಮ್ಮ ಮರುಕವೂ ಬೇರೆ ಕಡೆಗೆ ಹರಿಯುತ್ತದೆ. ಸಣ್ಣ ಕಥೆಯ ಗುಟ್ಟು ಬಹುಮಟ್ಟಿಗೆ ಇಲ್ಲಿಯೇ ಇದೆ.

ಉತ್ತಮ ಪುರುಷ, ಪ್ರಥಮ ಪುರುಷ ಎಂದು ವ್ಯಾಕರಣದಲ್ಲಿ ಓದಿದ್ದೀರಷ್ಟೆ. 'ನಾನು' ಎಂದು ಹೇಳುವ ಕಥೆ ಮೊದಲನೆಯ ಬಗೆ. 'ಅವನು', 'ಅವಳು' ಎಂದು ಹೊರಗೆ ನಿಂತು ಹೇಳುವುದು ಎರಡನೆಯದು. ಹೊರಗೆ ನಿಂತವನು ಬೇಕೆಂದರೆ ಎಲ್ಲರ ಮನಸ್ಸನ್ನೂ ಹೊಕ್ಕು ನೋಡಬಲ್ಲ. 'ನಾನು' ಎನ್ನುವವನಾದರೋ ತಾನು ಕಂಡದ್ದನ್ನು, ಕೇಳಿದ್ದನ್ನು, ಊಹಿಸಿದ್ದನ್ನು ಮಾತ್ರ ಹೇಳಬಲ್ಲ.

1920ರಲ್ಲಿ 'ಕೆಲವು ಸಣ್ಣ ಕಥೆಗಳು' ಪ್ರಕಟಿಸಿ ಕನ್ನಡ ಕಥೆಗೆ ಹಾದಿ ಹಾಕಿಕೊಟ್ಟ ಮಾಸ್ತಿಯವರ 'ರಂಗನ ಮದುವೆ'ಯನ್ನು ನೋಡಿ. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಬಂದ ರಂಗ, ಈಗಲೇ ಮದುವೆ ಬೇಡವೆನ್ನುತ್ತಾನೆ. ಅವನಿಗೆ ರತ್ನಳನ್ನು ಗಂಟುಹಾಕಲು ಹೊಂಚು ಹಾಕುವವನು ಶ್ಯಾಮ. ಕಥೆ ಹೇಳುವವನೂ ಅವನೇ. ಹುಡುಗಿಯ ಹಾಡು ರಂಗನ ಕಿವಿಗೆ ಬೀಳುವಂತೆ ಮಾಡುತ್ತಾನೆ. ಅವಳಿಗೆ ಮದುವೆಯಾಗಿದೆಯೆಂದು ಸುಳ್ಳು ಹೇಳುತ್ತಾನೆ. ಜೋಯಿಸರಿಗೆ ಮುಂಚಿತವಾಗಿ ಪಾಠ ಹೇಳಿಕೊಡುತ್ತಾನೆ. ಹೂಟವೆಲ್ಲ ನಮಗೆ ತಿಳಿದಿರುತ್ತದೆ, ರಂಗನಿಗೆ ತಿಳಿದಿರುವುದಿಲ್ಲ. ನಗು ಹುಟ್ಟುವುದು ಅದರಿಂದಲೇ. ರಂಗನೇ ಈ ಕಥೆ ಹೇಳಿದ್ದರೆ ಜೋಯಿಸರ ಮಾತು ಪವಾಡದಂತೆ ಕೇಳಿಸುತ್ತಿತ್ತು. ನಗೆಗೆ ಎಡೆಯೇ ಇರುತ್ತಿರಲಿಲ್ಲ.

ಇಷ್ಟನ್ನು ತರಗತಿಯಲ್ಲಿ ವಿವರಿಸಿ, ಪಾಠ ಮುಗಿಯಿತೆಂದು ನಾನು ಪುಸ್ತಕ ಮಡಿಸುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ರತ್ನಳನ್ನು ಯಾರೂ ಕೇಳಲೇ ಇಲ್ಲವಲ್ಲ, ಸಾರ್?" ಎಂದಳು.

ಎಷ್ಟೋ ವರ್ಷ ಆ ಕಥೆ ಪಾಠ ಮಾಡಿದ ನನಗೆ ಹೊಳೆಯದ ಪ್ರಶ್ನೆ! ತಂದೆತಾಯಿಯಿಲ್ಲದ ಹನ್ನೊಂದು ವರ್ಷದ ಹುಡುಗಿ. ಹಾಡು ಎಂದರು, ಹಾಡಿದಳು. ಬಾಗಿಲಲ್ಲಿ ಹೊಸಬನನ್ನು ಕಂಡು ಒಳಗೆ ಓಡಿದಳು. ಒಳಗೆ ಹೋದ ಮೇಲೆ ಅವಳೇನು ನೆನೆದಳು? ಶ್ಯಾಮ ಹೇಳಲಾರ, ಅವನು ಹೊರಗೆ ಕುಳಿತಿದ್ದಾನೆ. ಕಥೆ ಸುಖವಾಗಿಯೇ ಮುಗಿಯುತ್ತದೆ. ಆದರೆ ರತ್ನಳೇ ಹೇಳಿದ್ದರೆ ನಾವು ಇಷ್ಟು ಹಗುರಾಗಿ ನಗುತ್ತಿದ್ದೆವೆ?

ಇದು ಕಥೆಯ ದೋಷವಲ್ಲ. ಒಂದು ಬಾಯಿಯನ್ನು ಆರಿಸಿಕೊಂಡಾಗ ಮಿಕ್ಕವು ಸುಮ್ಮನಾಗುವುದು ಅನಿವಾರ್ಯ. ಆದುದರಿಂದ ಇನ್ನು ಮುಂದೆ ಕಥೆಯೊಂದನ್ನು ಓದಿದಾಗ, ರೇಡಿಯೋದಲ್ಲಿ ಕೇಳಿದಾಗ, ಎರಡು ಪ್ರಶ್ನೆ ಹಾಕಿಕೊಳ್ಳಿ: ಹೇಳುತ್ತಿರುವವರು ಯಾರು? ಮಾತಿಲ್ಲದೆ ಒಳಮನೆಯಲ್ಲಿ ಉಳಿದವರು ಯಾರು? ಮನೆಯ ಜಗಳಕ್ಕೆ ತೀರ್ಪು ಕೊಡುವ ಮುನ್ನವೂ ಇವನ್ನೇ ಕೇಳಿಕೊಂಡರೆ ನಷ್ಟವೇನಿಲ್ಲ.