‘ಯಾವಾಗಿನಿಂದ, ಸರ್?’: ಜಪಾನ್ ಪಾಠದ ಎರಡು ಅಂಕಣಗಳು

ಈ ಸಲದ ಬೋಧನಾಭ್ಯಾಸ ಆರಂಭವಾಗುವ ಮುನ್ನ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗಾಗಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನೊಂದು ಪ್ರಾತ್ಯಕ್ಷಿಕೆ ಪಾಠ ಮಾಡಿದೆ. ವಿಷಯ ‘ಆಧುನಿಕ ಜಪಾನ್: ಸಂಪ್ರದಾಯ ಮತ್ತು ಬದಲಾವಣೆ’. ಕಪ್ಪುಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಸಂಪ್ರದಾಯ’, ಬಲಕ್ಕೆ ‘ಬದಲಾವಣೆ’ ಎಂದು ಬರೆದೆ. ಎಡಗಡೆ ಚಕ್ರವರ್ತಿ, ಶಿಂಟೊ ದೇಗುಲದ ಮದುವೆ, ಮದುವೆಯಾದ ಹೆಣ್ಣು ಗಂಡನ ಮನೆತನದ ಹೆಸರು ಪಡೆಯುವುದು. ಬಲಗಡೆ ಸಂವಿಧಾನ, ರೈಲು, ಶಾಲೆ, ಕಡ್ಡಾಯ ಸೈನಿಕ ಸೇವೆ. ಹಲಗೆ ಅಚ್ಚುಕಟ್ಟಾಗಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಪ್ರಶಿಕ್ಷಣಾರ್ಥಿಗಳು ಅದನ್ನು ಹಾಗೆಯೇ ವೀಕ್ಷಣಾ ಪುಸ್ತಕಕ್ಕೆ ಇಳಿಸಿಕೊಂಡರು.

ಆಗ ಮೂರನೇ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ‘ಈ ಹೆಸರು ಬದಲಾಯಿಸೋ ಸಂಪ್ರದಾಯ ಯಾವಾಗಿನಿಂದ, ಸರ್?’

‘ಬಹಳ ಹಿಂದಿನಿಂದ’ ಎಂದು ಹೇಳಿ ಮುಂದಕ್ಕೆ ಹೋದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದುದು ಅಂಥ ದೊಡ್ಡ ತಪ್ಪಲ್ಲ, ಗೊತ್ತಿದ್ದವನಂತೆ ಉತ್ತರಿಸಿದ್ದು ತಪ್ಪು. ಆ ಉತ್ತರವೂ ಪ್ರಶಿಕ್ಷಣಾರ್ಥಿಗಳ ಪುಸ್ತಕ ಸೇರಿತ್ತು. ಅಂದು ಸಂಜೆ ಗ್ರಂಥಾಲಯದಲ್ಲಿ ಕುಳಿತು ಓದಿದಾಗ ತಿಳಿದದ್ದನ್ನು, ಆ ಹಲಗೆಯನ್ನು ನಕಲು ಮಾಡಿಕೊಂಡವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಜಪಾನಿನ ಸಾಮಾನ್ಯ ಜನರಿಗೆ ಮನೆತನದ ಹೆಸರು ಇಟ್ಟುಕೊಳ್ಳಲು ಸರ್ಕಾರ ಅನುಮತಿ ಕೊಟ್ಟದ್ದೇ 1870ರಲ್ಲಿ. 1875ರಲ್ಲಿ ಅದು ಕಡ್ಡಾಯವಾಯಿತು. ಹಾಗಾದರೆ ಮದುವೆಯಾದವಳು ಯಾವ ಹೆಸರು ಬಳಸಬೇಕು? 1876ರ ಆದೇಶದ ಪ್ರಕಾರ ತವರಿನ ಹೆಸರನ್ನೇ! ಗಂಡನ ಮನೆಯ ಹೆಸರು ಕಾನೂನಾದದ್ದು 1898ರ ನಾಗರಿಕ ಸಂಹಿತೆಯಿಂದ. ಆ ಸಂಹಿತೆಯು ಮನೆಯ ಯಜಮಾನನ ಕೈಗೆ ಅಧಿಕಾರ ಕೊಟ್ಟು ಉಳಿದವರನ್ನೆಲ್ಲ ಅವನ ಮನೆಯ ಹೆಸರಿನಡಿ ಸೇರಿಸಿತು. ಟೋಕಿಯೊದಿಂದ ಯೊಕೊಹಾಮಾಕ್ಕೆ ಮೊದಲ ರೈಲು ಓಡಿದ್ದು 1872ರಲ್ಲಿ. ಅಂದರೆ ನಾನು ಎಡಗಡೆ ಬರೆದ ‘ಸಂಪ್ರದಾಯ’ವು ಬಲಗಡೆ ಬರೆದ ರೈಲಿಗಿಂತ 26 ವರ್ಷ ಚಿಕ್ಕದು. ಶಿಂಟೊ ದೇಗುಲದ ಮದುವೆ ಇನ್ನೂ ಈಚಿನದು. 1900ರಲ್ಲಿ ಯುವರಾಜನ ವಿವಾಹ ಆ ರೀತಿ ನಡೆದ ಮೇಲೆ ಅದು ಜನರಲ್ಲಿ ಹರಡಿತು. ಅದಕ್ಕೆ ಮುಂಚೆ ಮದುವೆಗಳು ಸಾಮಾನ್ಯವಾಗಿ ಮನೆಯಲ್ಲೇ ಆಗುತ್ತಿದ್ದವು. (ನಮ್ಮ ವಿಶ್ವೇಶ್ವರಯ್ಯನವರು ಜಪಾನ್ ಪ್ರವಾಸ ಮಾಡಿದ್ದೂ 1898ರಲ್ಲೇ. ಅವರು ಕಂಡು ಮೆಚ್ಚಿದ್ದು ಅಲ್ಲಿನ ಶಾಲೆಗಳನ್ನು, ಕೈಗಾರಿಕೆಗಳನ್ನು. ನಮ್ಮಲ್ಲಿ ಜಪಾನ್ ಎಂದರೆ ಬಲಗಡೆಯ ಅಂಕಣ ಮಾತ್ರ ಎಂಬ ರೂಢಿ ಬಹಳ ಹಳೆಯದಿರಬೇಕು.)

ಇದು ಮುಗಿದ ಕಥೆಯೂ ಅಲ್ಲ. ಎರಡನೇ ಮಹಾಯುದ್ಧದ ನಂತರ, 1947ರಲ್ಲಿ, ಯಜಮಾನ ಪದ್ಧತಿ ಹೋಯಿತು. ಗಂಡನದೋ ಹೆಂಡತಿಯದೋ, ಯಾವ ಹೆಸರನ್ನಾದರೂ ಆರಿಸಿಕೊಳ್ಳಬಹುದು, ಆದರೆ ಇಬ್ಬರಿಗೂ ಒಂದೇ ಇರಬೇಕು ಎಂದಾಯಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ದಂಪತಿಗಳಲ್ಲಿ ಹೆಸರು ಬಿಡುವವಳು ಹೆಂಡತಿಯೇ. ಇದನ್ನು ಪ್ರಶ್ನಿಸಿದವರು ಸರ್ವೋಚ್ಚ ನ್ಯಾಯಾಲಯದಲ್ಲಿ 2015ರಲ್ಲೂ 2021ರಲ್ಲೂ ಸೋತರು. 2025ರ ಅಕ್ಟೋಬರ್‌ನಲ್ಲಿ ಸನಾಯೆ ತಕಾಯಿಚಿ ಆ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ದಂಪತಿಗಳು ಬೇರೆ ಬೇರೆ ಹೆಸರು ಇಟ್ಟುಕೊಳ್ಳಲು ಕಾನೂನು ಬದಲಿಸುವುದನ್ನು ಅವರು ಮೊದಲಿನಿಂದಲೂ ವಿರೋಧಿಸುತ್ತ ಬಂದವರು. ಅವರನ್ನು ಯಾವ ಅಂಕಣದಲ್ಲಿ ಬರೆಯೋಣ?

ನನ್ನ ತಪ್ಪಿನ ಬೇರು 1868ರ ಘಟನೆಯಲ್ಲೇ ಇದೆ. ಆ ವರ್ಷದ ಜನವರಿಯಲ್ಲಿ ಶೋಗನ್ನರ ಆಡಳಿತವನ್ನು ಕೊನೆಗೊಳಿಸಿದವರು ತಾವು ಹೊಸದನ್ನು ತರುತ್ತಿದ್ದೇವೆ ಎನ್ನಲಿಲ್ಲ. ಪ್ರಾಚೀನ ರಾಜಪ್ರಭುತ್ವಕ್ಕೆ ಮರಳುತ್ತಿದ್ದೇವೆ ಎಂದರು. ಜಪಾನೀ ಭಾಷೆಯಲ್ಲಿ ಆ ಮರಳುವಿಕೆಗೆ ‘ಫುಕ್ಕೊ’ ಎನ್ನುತ್ತಾರೆ. ಅದೇ ಘಟನೆಗೆ ಇನ್ನೊಂದು ಹೆಸರು ‘ಇಶಿನ್’, ಎಂದರೆ ಎಲ್ಲವೂ ಹೊಸದಾಗುವುದು. ಚಕ್ರವರ್ತಿಗೆ ಆಗ 15 ವರ್ಷ. ಅವನ ಹೆಸರಿನಲ್ಲಿ 1871ರಲ್ಲಿ ಸಾಮಂತ ಸಂಸ್ಥಾನಗಳು ರದ್ದಾದವು, 1872ರಲ್ಲಿ ಶಾಲಾ ವ್ಯವಸ್ಥೆ, 1873ರಲ್ಲಿ ಕಡ್ಡಾಯ ಸೈನಿಕ ಸೇವೆ ಬಂದವು. 1876ರಲ್ಲಿ ಸಮುರಾಯಿಗಳ ಸೊಂಟದ ಕತ್ತಿಯೂ ಹೋಯಿತು. ಹೀಗೆ ಹಳೆಯದರ ಹೆಸರು ಹೇಳಿಯೇ ಹಳೆಯದನ್ನು ಕಿತ್ತರು.

ಶಿಕ್ಷಕರಾಗುವವರು ನಿಂತು ಓದಬೇಕಾದ ಭಾಗ ಮುಂದಿನದು. 1890ರ ಅಕ್ಟೋಬರ್ 30ರಂದು ಚಕ್ರವರ್ತಿಯ ಶಿಕ್ಷಣ ಸಂದೇಶ ಹೊರಬಿತ್ತು. ತಂದೆತಾಯಿಗಳ ಮೇಲಿನ ಭಕ್ತಿ, ರಾಜನಿಷ್ಠೆ, ಅಗತ್ಯ ಬಿದ್ದರೆ ರಾಜ್ಯಕ್ಕಾಗಿ ಧೈರ್ಯದಿಂದ ಅರ್ಪಿಸಿಕೊಳ್ಳುವುದು, ಇವು ಪೂರ್ವಿಕರಿಂದ ಬಂದ ದಾರಿ ಎಂದು ಅದು ಹೇಳಿತು. ಆದರೆ ಅದನ್ನು ಪ್ರತಿ ಮಗುವಿಗೂ ತಲುಪಿಸಿದ ಶಾಲೆಗಳು ಇಪ್ಪತ್ತು ವರ್ಷವೂ ತುಂಬದ ಹೊಸ ವ್ಯವಸ್ಥೆ. ವಿಶೇಷ ದಿನಗಳಲ್ಲಿ ಮುಖ್ಯೋಪಾಧ್ಯಾಯರು ಅದನ್ನು ಗಂಭೀರವಾಗಿ ಓದುತ್ತಿದ್ದರು, ಮಕ್ಕಳು ತಲೆಬಾಗಿ ಕೇಳಬೇಕಿತ್ತು. 1891ರ ಜನವರಿಯಲ್ಲಿ ಟೋಕಿಯೊದ ಶಿಕ್ಷಕ ಕಾಂಜೊ ಉಚಿಮುರಾ ಆ ಸಂದೇಶದ ಮುಂದೆ ಸಾಕಷ್ಟು ಬಾಗಲಿಲ್ಲ ಎಂಬ ಗದ್ದಲವೆದ್ದು ಕೆಲಸ ಕಳೆದುಕೊಂಡರು. 1945ರ ಸೋಲಿನ ನಂತರ ಅದೇ ತರಗತಿಗಳಲ್ಲಿ ಮಕ್ಕಳು ಶಿಕ್ಷಕರು ಹೇಳಿದ ಸಾಲುಗಳಿಗೆ ಕುಂಚದಿಂದ ಕಪ್ಪು ಮಸಿ ಬಳಿದರು. ಯುದ್ಧವನ್ನು ಕೊಂಡಾಡುವ ಪುಟಗಳು ಹಾಗೆ ಮುಚ್ಚಿಹೋದವು. 1948ರ ಜೂನ್‌ನಲ್ಲಿ ಸಂಸತ್ತು ಆ ಸಂದೇಶಕ್ಕೆ ಮಾನ್ಯತೆ ಇಲ್ಲವೆಂದು ನಿರ್ಣಯಿಸಿತು.

ಇದನ್ನೆಲ್ಲ ವಿಮರ್ಶಾ ಸಭೆಯಲ್ಲಿ ಹೇಳಿದಾಗ ಒಬ್ಬ ಪ್ರಶಿಕ್ಷಣಾರ್ಥಿ, ‘ಹಾಗಾದರೆ ಜಪಾನಿನ ಸಂಪ್ರದಾಯವೆಲ್ಲ ಕಟ್ಟಿದ್ದೇ ಅನ್ನಿ’ ಎಂದರು. ಅದೂ ಅವಸರದ ಮಾತೇ. ಇಸೆಯ ಮಹಾದೇಗುಲವನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಕಟ್ಟುತ್ತಾರೆ. ಮೊದಲ ಸಲ 690ರಲ್ಲಿ, 62ನೆಯ ಸಲ 2013ರಲ್ಲಿ. ಅಂತರ್ಯುದ್ಧದ ಕಾಲದಲ್ಲಿ ನೂರು ವರ್ಷಕ್ಕೂ ಹೆಚ್ಚು ನಿಂತುಹೋಗಿ ಮತ್ತೆ ಶುರುವಾಯಿತು. ಅಲ್ಲಿನ ಮರ ಹೊಸದು, ವಿನ್ಯಾಸ, ಕೈಕೆಲಸ ಹಳೆಯವು. ಇದು ನಿಜಕ್ಕೂ ಪ್ರಾಚೀನವೇ. 690ರ ಆ ಮೊದಲ ಕಟ್ಟುವಿಕೆ ನಡೆದದ್ದು ಜಿಟೊ ಎಂಬ ಸಾಮ್ರಾಜ್ಞಿಯ ಕಾಲದಲ್ಲಿ. ಜಪಾನಿನ ಸಿಂಹಾಸನವನ್ನು ಎಂಟು ಮಹಿಳೆಯರು ಏರಿದ್ದಾರೆ. ಹೆಣ್ಣು ಏರಕೂಡದೆಂಬ ಲಿಖಿತ ಕಾನೂನು 1889ರದು, ಸಂವಿಧಾನದ ಜೊತೆಗೇ ಬಂದದ್ದು. ಇಂದಿನ ಚಕ್ರವರ್ತಿಯ ಒಬ್ಬಳೇ ಮಗಳಿಗೆ ಸಿಂಹಾಸನ ಇಲ್ಲದಿರುವುದು ಅದೇ ನಿಯಮದ ಮುಂದುವರಿಕೆಯಿಂದ.

ಮರುವಾರ ಅದೇ ತರಗತಿಗೆ ಹೋಗಿ ಮೊದಲು ಆ ಹುಡುಗಿಗೆ, ‘ಅಂದು ನಾನು ಹೇಳಿದ ಉತ್ತರ ತಪ್ಪು’ ಎಂದೆ. ಈ ಸಲ ನಡುವಿನ ಗೆರೆ ಎಳೆಯಲಿಲ್ಲ. ಉದ್ದಕ್ಕೆ ಒಂದು ಕಾಲರೇಖೆ ಎಳೆದು, ಮೊದಲ ಹಲಗೆಯ ಏಳು ಅಂಶಗಳನ್ನು ಚೀಟಿಗಳಲ್ಲಿ ಬರೆದು, ಇಸವಿ ನೋಡಿ ಅಂಟಿಸಲು ಮಕ್ಕಳಿಗೆ ಕೊಟ್ಟೆ. ಹೆಸರಿನ ಚೀಟಿ ರೈಲಿನ ಚೀಟಿಗಿಂತ ಬಲಕ್ಕೆ ಬಂದಾಗ ಇಡೀ ತರಗತಿ ನಕ್ಕಿತು. ಚಕ್ರವರ್ತಿಯ ಚೀಟಿಯನ್ನು ಎಲ್ಲಿಡಬೇಕೆಂಬ ಜಗಳ ತೀರಲಿಲ್ಲ, ತೀರಿಸಲು ನಾನೂ ಹೋಗಲಿಲ್ಲ.

ನಲವತ್ತು ನಿಮಿಷದಲ್ಲಿ ಇಷ್ಟೇ ಆಗುತ್ತದೆ. ಶಿಕ್ಷಣ ಸಂದೇಶಕ್ಕೆ ಪ್ರತ್ಯೇಕ ಅವಧಿ ಇಟ್ಟುಕೊಳ್ಳಿ. ಮಸಿ ಬಳಿದ ಸಂಗತಿ ಹೇಳಿದ ಮೇಲೆ ಮಕ್ಕಳಿಗೆ ಪ್ರಶ್ನೆ ಕೇಳಲು ಸಮಯ ಬೇಕು. ನಾನು ಗಂಟೆ ಹೊಡೆಯಲು ಎರಡು ನಿಮಿಷ ಇದ್ದಾಗ ಹೇಳಿದೆ. ಕೊನೆಯ ಬೆಂಚಿನಿಂದ ಒಬ್ಬ, ‘ಮಸಿ ಹಚ್ಚಿ ಅಂದ ಮೇಷ್ಟ್ರೇ ಮೊದಲು ಅದನ್ನ ಪಾಠ ಮಾಡಿದ್ರಾ ಸರ್?’ ಎಂದು ಕೇಳಿದ. ಅನೇಕ ಕಡೆ ಹೌದು ಎಂದೆ. ಅಷ್ಟರಲ್ಲಿ ಗಣಿತದ ಮೇಡಂ ಬಾಗಿಲಿಗೆ ಬಂದಿದ್ದರು.