ಕಿವಿಯ ಕೆಳಗಿನ ಗಡ್ಡೆ ಮತ್ತು ಎರಡು ನಿಮಿಷ

ಚಿಕ್ಕಂದಿನಲ್ಲಿ ಮಂಗನಬಾವು ಬಂದವರಿಗೆ ಆ ಜಾಗ ಚೆನ್ನಾಗಿ ನೆನಪಿರುತ್ತದೆ. ಕಿವಿಯ ಮುಂದೆ, ಕೆಳಗೆ, ದವಡೆಯ ಮೂಲೆಯನ್ನು ತಬ್ಬಿಕೊಂಡಂತಿರುವ ಪೆರೋಟಿಡ್ ಗ್ರಂಥಿ ಆಗ ಊದಿಕೊಳ್ಳುತ್ತದೆ. ಲಾಲಾರಸ ಸುರಿಸುವ ಮೂರು ಜೋಡಿ ದೊಡ್ಡ ಗ್ರಂಥಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಮಂಗನಬಾವು ಕೆಲವು ದಿನಗಳಲ್ಲಿ ಇಳಿದುಹೋಗುತ್ತದೆ. ಅದೇ ಜಾಗದಲ್ಲಿ ಗೋಲಿಯಷ್ಟು ಗಡ್ಡೆ ಎದ್ದು, ನೋಯದೆ, ಕರಗದೆ ತಿಂಗಳುಗಟ್ಟಲೆ ಕೂತುಬಿಟ್ಟರೆ? ಮನೆಮಂದಿಗೆಲ್ಲ ಒಂದೇ ಪ್ರಶ್ನೆ: ಕ್ಯಾನ್ಸರ್ ಅಲ್ಲ ತಾನೇ?

ಬಹುಪಾಲು ಅಲ್ಲ. ಪೆರೋಟಿಡ್‌ನ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 80 ಕ್ಯಾನ್ಸರ್ ಅಲ್ಲದವು. ಆದರೆ ಅಷ್ಟು ತಿಳಿದರೆ ವೈದ್ಯರಿಗೆ ಸಾಲದು. ಸಾಧು ಗಡ್ಡೆಗಳಲ್ಲೂ ಬಗೆಗಳಿವೆ. ಹೆಚ್ಚಾಗಿ ಕಾಣುವ ಪ್ಲಿಯೋಮಾರ್ಫಿಕ್ ಅಡೆನೋಮಾವನ್ನು ಹೊದಿಕೆ ಒಡೆಯದಂತೆ, ಸುತ್ತಲಿನ ಸ್ವಲ್ಪ ಗ್ರಂಥಿಯ ಸಮೇತ ತೆಗೆಯಬೇಕು. ಒಡೆದು ಒಳಗಿನದು ಚೆಲ್ಲಿದರೆ ಎಷ್ಟೋ ವರ್ಷಗಳ ನಂತರ ಒಂದರ ಬದಲು ಹತ್ತಾಗಿ ಮರಳಬಹುದು. ಹಾಗೆಯೇ ಬಿಟ್ಟರೂ ಕೆಲವರಲ್ಲಿ ಕಾಲಕ್ರಮೇಣ ಕ್ಯಾನ್ಸರ್ ಆಗುತ್ತದೆ. ಎರಡನೆಯದು ವಾರ್ಥಿನ್ ಗಡ್ಡೆ. ಇದು ವಯಸ್ಸಾದ ಧೂಮಪಾನಿಗಳಲ್ಲಿ ಹೆಚ್ಚು, ಒಮ್ಮೊಮ್ಮೆ ಎರಡೂ ಕೆನ್ನೆಗಳಲ್ಲಿ. ಕ್ಯಾನ್ಸರ್ ಆಗುವುದು ತೀರಾ ಅಪರೂಪವಾದ್ದರಿಂದ ಹಿರಿಯರಲ್ಲಿ ಆಪರೇಷನ್ ಮಾಡದೆ ಕಾದು ನೋಡುವುದೂ ಉಂಟು.

ಇಲ್ಲಿ ಸುಮ್ಮನೆ ಕತ್ತಿ ಆಡಿಸುವಂತಿಲ್ಲ. ಕಣ್ಣು ಮುಚ್ಚಲು, ನಗಲು, ಹುಬ್ಬೇರಿಸಲು ಬೇಕಾದ ಮುಖದ ನರ ಈ ಗ್ರಂಥಿಯ ಒಳಗೇ ಕವಲೊಡೆಯುತ್ತದೆ. ಅದಕ್ಕೆ ಪೆಟ್ಟಾದರೆ ಅರ್ಧ ಮುಖ ಜೋತುಬೀಳುತ್ತದೆ. ಹಾಗಾಗಿ ಗಡ್ಡೆ ಯಾವ ಬಗೆಯದೆಂದು ಆಪರೇಷನ್‌ಗೆ ಮೊದಲೇ ಗೊತ್ತಾದರೆ ಲಾಭ ರೋಗಿಗೆ.

ಸೂಜಿ ಚುಚ್ಚಿ ಪರೀಕ್ಷಿಸಿದರಾಯಿತಲ್ಲ ಎನ್ನಬಹುದು. ಅದನ್ನೂ ಮಾಡುತ್ತಾರೆ, ಮಾಡಲೇಬೇಕು. ಆದರೆ ಸೂಜಿಗೆ ಸಿಗುವುದು ಚುಚ್ಚಿದ ಜಾಗದ ಕೋಶಗಳು ಮಾತ್ರ. ಕೆಲವೊಮ್ಮೆ ಅವೂ ಸಾಕಷ್ಟು ಸಿಗುವುದಿಲ್ಲ. ಎಂಆರ್‌ಐ ಇಡೀ ಗಡ್ಡೆಯನ್ನೂ ನೆರೆಹೊರೆಯನ್ನೂ ತೋರಿಸುತ್ತದೆ, ಅದೂ ಎಕ್ಸ್-ರೇ ವಿಕಿರಣವಿಲ್ಲದೆ.

ಟಿ2 ಎಂಬ ಚಿತ್ರದಲ್ಲಿ ನೀರಿನಂಶ ಹೊಳೆಯುತ್ತದೆ. ಲೋಳೆಯಂಥ ಅಂಶ ಹೆಚ್ಚಿರುವ ಪ್ಲಿಯೋಮಾರ್ಫಿಕ್ ಅಡೆನೋಮಾ ಅಲ್ಲಿ ಸಾಮಾನ್ಯವಾಗಿ ಬೆಳ್ಳಗೆ ಮಿನುಗುತ್ತದೆ. ಡಿಫ್ಯೂಷನ್ ಎಂಬ ಇನ್ನೊಂದು ವಿಧಾನ ನೀರಿನ ಕಣಗಳ ಓಡಾಟವನ್ನು ಅಳೆಯುತ್ತದೆ. ಖಾಲಿ ಮೈದಾನದಲ್ಲಿ ಆರಾಮವಾಗಿ ಓಡಾಡಬಹುದು; ಜಾತ್ರೆಯ ನೂಕುನುಗ್ಗಲಿನಲ್ಲಿ ಹೆಜ್ಜೆ ಇಡುವುದೂ ಕಷ್ಟ. ಕೋಶಗಳು ಕಿಕ್ಕಿರಿದ ಕ್ಯಾನ್ಸರ್‌ನಲ್ಲಿ ನೀರಿನ ಓಡಾಟ ಕಡಿಮೆ, ಎಡಿಸಿ ಎಂಬ ಅಳತೆಯೂ ಕಡಿಮೆ. ಸುಲಭವಾಯಿತು ಅನ್ನುವಷ್ಟರಲ್ಲಿ ವಾರ್ಥಿನ್ ಅಡ್ಡಬರುತ್ತದೆ. ಅದರ ತುಂಬ ಲಿಂಫೋಸೈಟ್ ಕೋಶಗಳು ಒತ್ತೊತ್ತಾಗಿರುವುದರಿಂದ ಅದರ ಎಡಿಸಿ ಹಲವು ಬಾರಿ ಕ್ಯಾನ್ಸರ್‌ಗಿಂತಲೂ ಕಡಿಮೆ! ಈ ಒಂದೇ ಅಳತೆಯನ್ನು ನಂಬಿದರೆ ನಿರಪರಾಧಿಯೇ ಕಟಕಟೆ ಹತ್ತಬೇಕಾಗುತ್ತದೆ.

ಇವೆರಡನ್ನು ಬೇರೆ ಮಾಡಲು ನೆರವಾಗುವುದು ಡೈನಮಿಕ್ ಸ್ಕ್ಯಾನ್. ತೋಳಿನ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಔಷಧ ಕೊಟ್ಟು, ಅದೇ ಜಾಗದ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತಾ ಹೋಗುತ್ತಾರೆ. ಔಷಧ ಗಡ್ಡೆಯೊಳಗೆ ಎಷ್ಟು ಬೇಗ ಬಂತು, ಎಷ್ಟು ಬೇಗ ಹೋಯಿತು ಎಂಬುದರ ಗ್ರಾಫ್ ಸಿಗುತ್ತದೆ. 2003ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಎರಡು ಗೆರೆ ಹಾಕಿಕೊಟ್ಟರು: 120 ಸೆಕೆಂಡ್ ಮತ್ತು ಶೇ 30. (ಎಂಆರ್‌ಐಗಾಗಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ ನೊಬೆಲ್ ಬಂದದ್ದೂ ಅದೇ ವರ್ಷ.) ಎರಡು ನಿಮಿಷ ಕಳೆದರೂ ಗೆರೆ ಏರುತ್ತಲೇ ಇದ್ದರೆ ಪ್ಲಿಯೋಮಾರ್ಫಿಕ್ ಅಡೆನೋಮಾದ ಲಕ್ಷಣ. ಬೇಗ ಏರಿ, ಶೇ 30 ಅಥವಾ ಹೆಚ್ಚು ಇಳಿದರೆ ವಾರ್ಥಿನ್. ಬೇಗ ಏರಿ, ಇಳಿಯಲು ಸತಾಯಿಸಿದರೆ ಕ್ಯಾನ್ಸರ್ ಶಂಕೆ. ಶಂಕೆ ಮಾತ್ರ. ನಿಧಾನವಾಗಿ ಬೆಳೆಯುವ ಕೆಲವು ಕ್ಯಾನ್ಸರ್‌ಗಳು ಸಾಧು ವೇಷ ಹಾಕುವುದುಂಟು. ಕೊನೆಯ ಮಾತು ಸೂಕ್ಷ್ಮದರ್ಶಕದ ಮುಂದೆ ಕೂತ ಪೆಥಾಲಜಿಸ್ಟರದ್ದೇ.

ಪಿಯುಸಿ ವಿಜ್ಞಾನದ ನಂತರ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಕಡೆ ಕಣ್ಣು ಹಾಕಿರುವ ಗೆಳೆಯರು ಇಲ್ಲಿ ಗಮನಿಸಬೇಕು. ರಿಪೋರ್ಟ್ ಬರೆಯುವುದು ರೇಡಿಯಾಲಜಿಸ್ಟ್ ನಿಜ, ಆದರೆ ಆ ಗ್ರಾಫ್ ಹುಟ್ಟುವುದು ಟೆಕ್ನಾಲಜಿಸ್ಟ್ ಕೈಯಲ್ಲಿ. ಔಷಧ ತಲುಪುವ ಮೊದಲೇ ಚಿತ್ರ ಶುರುವಾಗಿರಬೇಕು. ತಡವಾದರೆ ಏರಿದ ಗೆರೆ ತಪ್ಪಿಹೋಯಿತು, ಔಷಧ ಆಗಲೇ ಮೈಯಲ್ಲಿ ಬೆರೆತಾಗಿದೆ. ಅದೇ ಗಳಿಗೆಯಲ್ಲಿ ಇನ್ನೊಮ್ಮೆ ಎನ್ನುವಂತಿಲ್ಲ. ಬಾಯಲ್ಲಿ ಲೋಹದ ಹಲ್ಲಿದ್ದರೆ ಡಿಫ್ಯೂಷನ್ ಚಿತ್ರ ಸೊಟ್ಟಗಾಗುತ್ತದೆ, ಅದನ್ನೂ ಮೊದಲೇ ಕೇಳಿಕೊಳ್ಳಬೇಕು. ರೋಗಿ ಕತ್ತು ಅಲುಗಿಸಬಾರದು, ಆದಷ್ಟು ಎಂಜಲು ನುಂಗಬಾರದು. ನುಂಗಬೇಡಿ ಎಂದ ತಕ್ಷಣವೇ ಬಾಯಲ್ಲಿ ನೀರೂರುತ್ತದೆ, ಅದೂ ಇದೇ ಗ್ರಂಥಿಗಳ ಕೃಪೆ!