ಮಾತೇ ಬೇಡದ ಆ ಜಾಹೀರಾತು ಇನ್ನೂ ಯಾಕ ನೆನಪೈತಿ?

 

ಇಂಗ್ಲೆಂಡಿನಲ್ಲಿ ಕೋಕಾ-ಕೋಲಾದ ಕೆಂಪು ಲಾರಿಗಳು ಟಿವಿಯಲ್ಲಿ ಬಂದ ಮೇಲೇ ಕ್ರಿಸ್‌ಮಸ್ ಶುರು ಅನ್ನೋರು ಬಹಳ ಜನ ಇದ್ದಾರೆ. ಆ ಜಾಹೀರಾತು 1995ರದ್ದು. 2024ರಲ್ಲಿ ಕಂಪನಿ ಅದನ್ನ ಎಐನಿಂದ ಹೊಸದಾಗಿ ಮಾಡಿಸಿದಾಗ ಜನ ಸಿಟ್ಟಾದ್ರು. ಸೋಡಾ ಮಾರೋ ಒಂದು ನಿಮಿಷದ ಚಿತ್ರ, ಆದ್ರೆ ಅವರಿಗೆ ಅದು ಬಾಲ್ಯದ ಆಸ್ತಿ.

ಇಳಕಲ್ಲಿನಾಗ ಅಂಥದ್ದು ಯಾವುದು? ನನ್ನ ಕೇಳಿದ್ರೆ, ಟೈಟನ್ ವಾಚಿಂದು. ಕ್ರಿಸ್‌ಮಸ್ಸಿನದಲ್ಲ, ಆದರೆ ಕಥೆ ಅದೇ: ಯಾರೋ ಯಾರಿಗೋ ಉಡುಗೊರೆ ಕೊಡ್ತಾರೆ, ಪೊಟ್ಟಣ ಬಿಚ್ಚಿದವರ ಕಣ್ಣು ಅರಳುತ್ತೆ, ಹಿಂದೆ ಆ ಟ್ಯೂನ್. ಆ ಟ್ಯೂನ್ ಮೊಜಾರ್ಟ್‌ನ 25ನೇ ಸಿಂಫನಿಯಿಂದ ತಗೊಂಡದ್ದು. 1773ರಲ್ಲಿ ಅದನ್ನ ಬರೆದಾಗ ಅವನಿಗೆ 17 ವರ್ಷ, ಅಂದ್ರೆ ನಿಮ್ಮಲ್ಲಿ ಕೆಲವರ ವಯಸ್ಸು.

ಅದು ನಮ್ಮೂರಿನ ತಲೆಯೊಳಗೆ ಹೆಂಗ ಕೂತಿತು? ಮೊದಲು ಟಿವಿ ಕಥೆ. ಆಗ ಬಾಗಲಕೋಟೆ ಜಿಲ್ಲೆ ಇರಲಿಲ್ಲ, ಇಳಕಲ್ ಇದ್ದದ್ದು ವಿಜಾಪುರ ಜಿಲ್ಲೆಯಲ್ಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಅನ್ನೋ ಪ್ರಯೋಗ ನಡೀತು. ಅಮೆರಿಕದ ಉಪಗ್ರಹದಿಂದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನ ಆರಿಸಿದ್ರು. ಒಕ್ಕಲುತನ, ಆರೋಗ್ಯ, ಮಕ್ಕಳ ಪಾಠ ಬರ್ತಿದ್ವು, ಏನನ್ನೂ ಮಾರ್ತಿರಲಿಲ್ಲ. ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದೇ 1976ರ ಜನವರಿಯಲ್ಲಿ.

ಟೈಟನ್ ವಾಚು ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅದೇ ವರ್ಷ ಭಾನುವಾರ ಮುಂಜಾನೆ ‘ರಾಮಾಯಣ’ ಶುರುವಾಗಿ, ಟಿವಿ ಇದ್ದ ಮನೆಗೆ ಓಣಿಯೇ ಬರ್ತಿತ್ತು. ಇದ್ದದ್ದು ಒಂದೇ ಚಾನೆಲ್. ಜಾಹೀರಾತು ಬಂದ್ರೂ ಯಾರೂ ಏಳ್ತಿರಲಿಲ್ಲ, ಎದ್ರೆ ಜಾಗ ಹೋಗ್ತಿತ್ತಲ್ಲ! ಇನ್ನೊಂದು ಮಾತು, ನನಗೆ ಇದೇ ಮುಖ್ಯ ಅನ್ಸುತ್ತೆ. ಬಹಳಷ್ಟು ಜಾಹೀರಾತು ಹಿಂದಿಯಲ್ಲಿ ಇರ್ತಿದ್ವು. ಕನ್ನಡ ಸಾಲಿ ಹುಡುಗರು ಅರ್ಥ ಗೊತ್ತಿಲ್ಲದ ಹಾಡನ್ನ ಬಾಯಿಪಾಠ ಹಾಡೋರು. ಟೈಟನ್ನಿನ ಆ ಟ್ಯೂನ್‌ಗೆ ಮಾತೇ ಬೇಕಿರಲಿಲ್ಲ. ಮಲ್ಲೇಶ್ವರದ ಹುಡುಗಿಗೂ ಇಳಕಲ್ಲಿನ ನೇಕಾರರ ಹುಡುಗನಿಗೂ ಅದು ಒಂದೇ ಸಮ ಅರ್ಥ ಆಗ್ತಿತ್ತು.

ಮನೋವಿಜ್ಞಾನಿಗಳು ‘ರೆಮಿನಿಸೆನ್ಸ್ ಬಂಪ್’ ಅಂತಾರೆ. ವಯಸ್ಸಾದವರಿಗೆ ಸುಮಾರು 10ರಿಂದ 30ರ ಪ್ರಾಯದ ನೆನಪುಗಳೇ ಹೆಚ್ಚು ಉಳಿದಿರ್ತವೆ. ಅದರ ಮೇಲೆ ವಾರವಾರ ಅದೇ ರಾಗ ಬಿದ್ದರೆ ಕೇಳಬೇಕಾ?

ಆದ್ರೆ ಈ ಸಿಹಿ ನೆನಪಿಗೆ ಇನ್ನೊಂದು ಮುಖ ಐತಿ. ಟೈಟನ್‌ಗಿಂತ ಮೊದಲು ಅಳಿಯನ ಕೈಗೆ ಕಟ್ತಿದ್ದದ್ದು ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲೇ ಶುರುವಾದ, ಕೀಲಿ ಕೊಡೋ ವಾಚು. ಟೈಟನ್ ಬ್ಯಾಟರಿಯ ಕ್ವಾರ್ಟ್ಜ್ ತಂತು, ಚಂದದ ಮಾದರಿ ತಂತು, ಮೇಲೆ ಆ ಟ್ಯೂನ್. ಎಚ್‌ಎಂಟಿ ಸೊರಗಿತು, 2016ರಲ್ಲಿ ಕೇಂದ್ರ ಸರ್ಕಾರ ಅದರ ವಾಚ್ ಘಟಕವನ್ನ ಮುಚ್ಚೋಕೆ ಒಪ್ಪಿಗೆ ಕೊಡ್ತು. ಟ್ಯೂನ್ ಒಂದರಿಂದಲೇ ಹಿಂಗಾಯ್ತು ಅಂದ್ರೆ ಅದು ಸುಳ್ಳು. ಆದರೂ ಅಪ್ಪನ ಕೈಮೇಲಿದ್ದದ್ದು ಎಚ್‌ಎಂಟಿ, ಮಗ ಗುನುಗೋದು ಟೈಟನ್. ನೆನಪಿನಲ್ಲಿ ಯಾರು ಉಳೀಬೇಕು ಅನ್ನೋದನ್ನ ಜಾಹೀರಾತಿನ ಬಜೆಟ್ಟೂ ತೀರ್ಮಾನಿಸುತ್ತೆ. ಕುಣಿ ಮಗ್ಗದಲ್ಲಿ ಇಳಕಲ್ ಸೀರೆ ನೇಯೋ ಮನುಷ್ಯ ಟಿವಿಯಲ್ಲಿ ಅರ್ಧ ನಿಮಿಷ ಕೊಳ್ಳೋದು ದೂರದ ಮಾತು.

ಈಗ ನಿಮ್ಮ ಫೋನಿಗೆ ಬರೋಣ. ಅಣ್ಣನಿಗೆ ಸಾಲದ ಆ್ಯಪ್, ತಂಗಿಗೆ ಕುರ್ತಾ, ಅಮ್ಮನಿಗೆ ಮಂಡಿನೋವಿನ ಎಣ್ಣೆ. ಒಂದೇ ಮನೆ, ಒಂದೇ ವೈಫೈ, ಮೂರು ಜಾಹೀರಾತು, ಐದು ಸೆಕೆಂಡಿಗೆ ಮೂರಕ್ಕೂ ಸ್ಕಿಪ್. ಇನ್ನಿಪ್ಪತ್ತು ವರ್ಷಕ್ಕೆ ಅಣ್ಣ-ತಂಗಿ ಕೂಡಿ ಗುನುಗೋಕೆ ಯಾವುದು ಉಳಿದಿರುತ್ತೆ?

ಇವತ್ತು ಮನೆಯಲ್ಲಿ ದೊಡ್ಡವರಿಗೆ ‘ಟೈಟನ್ ಟ್ಯೂನ್ ಹೆಂಗಿತ್ತು?’ ಅಂತ ಕೇಳಿ ನೋಡ್ರಿ. ಗುನುಗಿದ್ರೆ ರೆಕಾರ್ಡ್ ಮಾಡ್ಕೊಳ್ಳಿ. ಹಂಗೇ, ಮದುವೇಲಿ ಯಾವ ವಾಚು ಸಿಕ್ಕಿತ್ತು ಅಂತಾನೂ ಕೇಳಿ.